ಸೇರದ ಸಾಂಪ್ರದಾಯಿಕ ತಿನಿಸಿನ ರುಚಿ ಹತ್ತಿಸಿಕೊಳ್ಳುವುದು ಹೇಗೆ?

ಆಗಸ್ಟ್ ತಿಂಗಳ ಮೂರನೆಯ ಗುರುವಾರ ಬಂತೆಂದರೆ ಸ್ವೀಡನ್ನಿನ ಉತ್ತರ ಭಾಗದ ಅನೇಕ ಮನೆಗಳಲ್ಲಿ ಊಟದ ಮೇಜು ಅಂಗಳಕ್ಕೆ ಬರುತ್ತದೆ. ಆ ವರ್ಷದ ಸುರ್‌ಸ್ಟ್ರೊಮಿಂಗ್ ಡಬ್ಬಿಗಳನ್ನು ತೆರೆಯುವ ಕಾಲ ಅಂದಿನಿಂದ ಶುರುವಾಗುತ್ತದೆ. ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನನ್ನು ಕೊಳೆಯದಿರಲು ಎಷ್ಟು ಬೇಕೋ ಅಷ್ಟೇ ಉಪ್ಪಿನಲ್ಲಿ ಹುದುಗಿಸಿ ಡಬ್ಬಿಗೆ ತುಂಬುತ್ತಾರೆ. ಡಬ್ಬಿಯೊಳಗೂ ಹುದುಗುವುದು ನಿಲ್ಲದ ಕಾರಣ ಮುಚ್ಚಳ ಉಬ್ಬಿಕೊಂಡಿರುತ್ತದೆ. 2006ರಲ್ಲಿ ಏರ್ ಫ್ರಾನ್ಸ್ ಮತ್ತು ಬ್ರಿಟಿಷ್ ಏರ್‌ವೇಸ್ ಸಂಸ್ಥೆಗಳು ಒತ್ತಡ ತುಂಬಿದ ಈ ಡಬ್ಬಿಗಳನ್ನು ವಿಮಾನದಲ್ಲಿ ಒಯ್ಯುವುದನ್ನೇ ನಿಷೇಧಿಸಿದವು. ಡಬ್ಬಿ ತೆರೆದಾಗ ಹೊರಡುವ ನಾತಕ್ಕೆ ಹೊಸಬರು ಎದ್ದು ದೂರ ಹೋಗುತ್ತಾರೆ, ಅದರೊಂದಿಗೆ ಬೆಳೆದವರು ತಟ್ಟೆ ಹಿಡಿದು ಹತ್ತಿರ ಬರುತ್ತಾರೆ. ಇಬ್ಬರ ಮೂಗಿಗೂ ತಲುಪುವ ವಸ್ತು ಒಂದೇ.

ಇಂಥ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಎರಡು ತೀರ್ಪುಗಳಲ್ಲಿ ಒಂದನ್ನು ಕೊಡುತ್ತೇವೆ. ಸೇರದವರು ಆ ತಿನಿಸೇ ಕೆಟ್ಟದ್ದು ಎನ್ನುತ್ತಾರೆ. ಸೇರುವವರು ಎದುರಿನವರನ್ನು ನಾಜೂಕಿನವರು, ಹೊಂದಿಕೊಳ್ಳಲು ಬಾರದವರು ಎನ್ನುತ್ತಾರೆ. ಎರಡೂ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ತಿನಿಸು ಒಬ್ಬರಿಗೆ ಸೇರದಿರುವುದಕ್ಕೆ ನಾಲಿಗೆ, ಮೂಗು, ಬಾಯಿಯ ಸ್ಪರ್ಶ, ನೆನಪು, ಮನಸ್ಸು, ಹೊಟ್ಟೆ ಇವುಗಳಲ್ಲಿ ಯಾವುದಾದರೊಂದು ಕಾರಣವಾಗಿರುತ್ತದೆ, ಕೆಲವೊಮ್ಮೆ ಎರಡು ಮೂರು ಸೇರಿರುತ್ತವೆ. ಪ್ರತಿಯೊಂದಕ್ಕೂ ಉಪಾಯ ಬೇರೆ. ಮದುವೆಯಾಗಿಯೋ, ಕೆಲಸದ ಮೇಲೆಯೋ, ಬರಿಯ ಆಸಕ್ತಿಯಿಂದಲೋ ಪರಕೀಯವಾದ ಒಂದು ಅಡುಗೆ ಪರಂಪರೆಯೊಳಗೆ ಕಾಲಿಟ್ಟವರಿಗೂ, ತಮ್ಮ ಪ್ರೀತಿಯ ತಿನಿಸನ್ನು ಬೇರೆಯವರಿಗೆ ಬಡಿಸಬೇಕಾದವರಿಗೂ ಉಪಯೋಗವಾಗಲೆಂದು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಅಡ್ಡಿ ಎಲ್ಲಿದೆ ಎಂದು ಮೊದಲು ಕಂಡುಕೊಳ್ಳಿ

ಮೂಗನ್ನು ಬೆರಳಿನಿಂದ ಬಿಗಿಯಾಗಿ ಹಿಡಿದುಕೊಂಡು, ಕಡಲೆಕಾಳಿನಷ್ಟು ತುಣುಕನ್ನು ಬಾಯಿಗೆ ಹಾಕಿ ನಿಧಾನವಾಗಿ ಅಗಿಯಿರಿ. ಹತ್ತು ಸಲ ಅಗಿದ ಮೇಲೆ ಮೂಗು ಬಿಡಿ. ಮೂಗು ಹಿಡಿದಿದ್ದಷ್ಟು ಹೊತ್ತು ಸುಮ್ಮನಿದ್ದ ಬಾಯಿ, ಬಿಟ್ಟ ಕೂಡಲೇ ಬೇಡವೆಂದರೆ ನಿಮ್ಮ ಅಡ್ಡಿ ಇರುವುದು ವಾಸನೆಯಲ್ಲಿ. ಮೂಗು ಹಿಡಿದಿದ್ದಾಗಲೇ ಕಹಿ, ಉಪ್ಪು ಅಥವಾ ಹುಳಿ ತಡೆಯಲಾರದಷ್ಟು ಇತ್ತೆಂದರೆ ಅಡ್ಡಿ ನಾಲಿಗೆಯಲ್ಲಿದೆ. ರುಚಿಯೇನೂ ಕೆಟ್ಟದಾಗಿಲ್ಲ, ಆದರೂ ಗಂಟಲು ಅದನ್ನು ಒಳಗೆ ಬಿಡುವುದಿಲ್ಲ ಎಂದಾದರೆ ಅದು ಲೋಳೆ, ಜಿಗಟು, ಮೆತುತನ ಮುಂತಾದ ಸ್ಪರ್ಶದ ಮಾತು. ತುಣುಕನ್ನು ಬಾಯಿಯವರೆಗೆ ಎತ್ತುವುದೇ ಆಗದಿದ್ದರೆ ಮನಸ್ಸು ಹೇಸುತ್ತಿದೆ ಎಂದು ತಿಳಿಯಬೇಕು. ಒಂದು ಕಾಲದಲ್ಲಿ ತಿನ್ನುತ್ತಿದ್ದು ಈಗ ಸೇರದಾಗಿದ್ದರೆ ಹಿಂದೆ ಎಂದೋ ಆದ ಕಾಯಿಲೆಯ ನೆನಪನ್ನು ಹುಡುಕಿ. ತಿನ್ನುವಾಗ ಹಿತವಾಗಿದ್ದು ಗಂಟೆಗಳ ನಂತರ ಹೊಟ್ಟೆ ತೊಳಸಿದರೆ ಅದು ಅಭಿರುಚಿಯ ಪ್ರಶ್ನೆಯೇ ಅಲ್ಲ. ಅಂಥವರು ಮುಂದಿನ ಯಾವ ಅಭ್ಯಾಸವನ್ನೂ ಮಾಡಬಾರದು.

ಈ ಪರೀಕ್ಷೆಗೆ ಎರಡು ನಿಮಿಷವೂ ಬೇಡ. ಆದರೂ ಇದನ್ನು ಬಿಟ್ಟು ನೇರವಾಗಿ ‘ಒಂದಿಷ್ಟು ತಿಂದು ನೋಡು, ಅಭ್ಯಾಸವಾಗುತ್ತದೆ’ ಎಂದು ಒತ್ತಾಯಿಸುವುದರಿಂದಲೇ ಹೆಚ್ಚಿನ ಪ್ರಯತ್ನಗಳು ಹಾಳಾಗುತ್ತವೆ.

ಮೂಗು

ನಾಲಿಗೆ ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ (ಮಾಂಸದ ಸಾರು, ಅಣಬೆಗಳಲ್ಲಿ ಸಿಗುವ ತುಂಬು ರುಚಿ) ಎಂಬ ಐದು ರುಚಿಗಳನ್ನು. ಐದನೆಯದನ್ನು ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಗುರುತಿಸಿದರು. ಉಳಿದಂತೆ ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದೇ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಹಿಡಿದು ಗುರುತಿಸುವ ಸುಮಾರು 400 ಬಗೆಯ ಗ್ರಾಹಕಗಳಿವೆ, ಮತ್ತು ಈ ಗ್ರಾಹಕಗಳ ಜೀನ್‌ಗಳು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ಕೊತ್ತಂಬರಿ ಸೊಪ್ಪು ಇದಕ್ಕೆ ಚೆನ್ನಾಗಿ ಗೊತ್ತಿರುವ ಉದಾಹರಣೆ: ಬಹುಮಂದಿಗೆ ತಾಜಾತನದ ಪರಿಮಳವಾಗಿರುವ ಅದು ಕೆಲವರಿಗೆ ಸಾಬೂನನ್ನು ಅಗಿದಂತೆ ಅನ್ನಿಸುತ್ತದೆ. ಸೊಪ್ಪಿನಲ್ಲಿರುವ ಆಲ್ಡಿಹೈಡ್ ಎಂಬ ರಾಸಾಯನಿಕಗಳನ್ನು ಗ್ರಹಿಸುವ ಓಆರ್6ಎ2 ಎಂಬ ಗ್ರಾಹಕದ ಜೀನ್‌ಗೂ ಈ ಅನುಭವಕ್ಕೂ ನಂಟಿದೆ ಎಂದು 2012ರ ಒಂದು ಅಧ್ಯಯನ ತೋರಿಸಿತು. ಹಾಗೆಂದು ಆ ಜೀನ್ ಒಂದೇ ಕಾರಣವಲ್ಲ. ಅದರ ಪಾಲು ಚಿಕ್ಕದು, ಬಾಲ್ಯದ ಅಡುಗೆಮನೆಯ ಪಾಲೂ ಇದ್ದೇ ಇದೆ. ಇದಕ್ಕಿಂತ ಸ್ಪಷ್ಟವಾದದ್ದು ಗಂಡು ಹಂದಿಯ ಮಾಂಸದಲ್ಲಿರುವ ಆಂಡ್ರೊಸ್ಟೆನೋನ್ ಎಂಬ ವಸ್ತುವಿನ ವಿಷಯ. ಅದು ಕೆಲವರಿಗೆ ಮೂತ್ರದ ಅಥವಾ ಬೆವರಿನ ನಾತ, ಕೆಲವರಿಗೆ ವೆನಿಲಾದಂಥ ಸಿಹಿ ವಾಸನೆ, ಇನ್ನು ಕೆಲವರಿಗೆ ಏನೂ ಇಲ್ಲ. ಈ ಭೇದದ ಒಂದು ಭಾಗಕ್ಕೆ ಓಆರ್7ಡಿ4 ಎಂಬ ಗ್ರಾಹಕದ ಜೀನ್ ಕಾರಣವೆಂದು 2007ರಲ್ಲಿ ಕಂಡುಬಂತು. ಹೀಗಿರುವಾಗ ಒಂದೇ ತಟ್ಟೆಯ ಮುಂದೆ ಕುಳಿತ ಇಬ್ಬರು ಒಂದೇ ತಿನಿಸನ್ನು ತಿನ್ನುತ್ತಿದ್ದಾರೆ ಎಂದು ಹೇಳುವುದು ಕೂಡ ಪೂರ್ತಿ ಸರಿಯಲ್ಲ.

ವಾಸನೆಗೆ ಎರಡು ದಾರಿಗಳಿವೆ. ಒಂದು, ಮೂಗಿನ ಹೊಳ್ಳೆಗಳ ಮೂಲಕ ಹೊರಗಿನಿಂದ ಬರುವುದು. ಇನ್ನೊಂದು, ಅಗಿಯುವಾಗ ಬಾಯಿಯಿಂದ ಗಂಟಲ ಹಿಂಬದಿಗಾಗಿ ಮೂಗಿಗೆ ಏರುವುದು. ಒಂದೇ ವಸ್ತು ಈ ಎರಡು ದಾರಿಗಳಲ್ಲಿ ಎರಡು ರೀತಿ ಅನುಭವವಾಗಬಹುದು. ಸಿಂಗಪುರದ ರೈಲುಗಳಲ್ಲಿ ಒಯ್ಯಬಾರದೆಂದು ಫಲಕ ಹಾಕಿರುವ ದುರಿಯನ್ ಹಣ್ಣನ್ನೇ ಆಗ್ನೇಯ ಏಷ್ಯಾದಲ್ಲಿ ಹಣ್ಣುಗಳ ರಾಜ ಎಂದು ಆದರಿಸುವುದು ಇದರಿಂದಾಗಿ ಅರ್ಥವಾಗುತ್ತದೆ: ದೂರದಿಂದ ಕೊಳೆತ ಈರುಳ್ಳಿಯನ್ನು ನೆನಪಿಸುವ ಹಣ್ಣು ಬಾಯೊಳಗೆ ಕೆನೆಯಂತೆ ಸಿಹಿಯಾಗಿರುತ್ತದೆ. ನಾತದ ಚೀಸ್‌ಗಳ ಪ್ರೇಮಿಗಳು ಹೇಳುವುದೂ ಇದನ್ನೇ.

ಇಲ್ಲಿಂದ ಮೊದಲ ಉಪಾಯ ಹುಟ್ಟುತ್ತದೆ. ಹೊರಗಿನ ದಾರಿಯನ್ನು ಕಡಿಮೆ ಮಾಡಿ, ಒಳಗಿನ ದಾರಿಯನ್ನು ಹೆಚ್ಚು ಮಾಡಿ. ತಿನಿಸನ್ನು ತಣ್ಣಗೆ ತಿನ್ನಿ, ಏಕೆಂದರೆ ಬಿಸಿಯಾದಷ್ಟೂ ವಾಸನೆ ಹೆಚ್ಚು ಹಾರುತ್ತದೆ. ಗಾಳಿಯಾಡುವ ಜಾಗದಲ್ಲಿ ಕುಳಿತುಕೊಳ್ಳಿ. ತಟ್ಟೆಯ ಮೇಲೆ ಬಗ್ಗಿ ಮೂಸಬೇಡಿ. ತುಣುಕನ್ನು ಬಾಯಿಗೆ ಹಾಕಿ, ತುಟಿ ಮುಚ್ಚಿ ಅಗಿಯುತ್ತಾ, ಮೂಗಿನಿಂದ ಮೆಲ್ಲಗೆ ಉಸಿರು ಹೊರಬಿಡಿ. ಮೊದಲ ಎರಡು ಉಸಿರುಗಳಲ್ಲಿ ಏನೂ ತೀರ್ಮಾನಿಸದೆ ಮೂರನೆಯದರಲ್ಲಿ ಏನು ಸಿಕ್ಕಿತು ಎಂದು ಗಮನಿಸಿ. ಸೊಪ್ಪಿನ ವಿಷಯದಲ್ಲಿ ಇನ್ನೊಂದು ಸುಲಭದ ದಾರಿಯಿದೆ: ಕೊತ್ತಂಬರಿಯನ್ನು ಎಲೆಯಾಗಿ ಉದುರಿಸುವ ಬದಲು ನುಣ್ಣಗೆ ಅರೆದು ಸ್ವಲ್ಪ ಹೊತ್ತು ಬಿಟ್ಟರೆ ಎಲೆಯ ಕಿಣ್ವಗಳೇ ಆ ಆಲ್ಡಿಹೈಡ್‌ಗಳನ್ನು ಒಡೆಯುತ್ತವೆ, ಸಾಬೂನಿನ ಗುಣ ತಗ್ಗುತ್ತದೆ.

ಮೂಗಿನ ತೀರ್ಪಿನಲ್ಲಿ ಹೆಸರಿನ ಕೈವಾಡವೂ ಇದೆ. ಐಸೊವಲೇರಿಕ್ ಆಮ್ಲ ಎಂಬ ನಾತದ ವಸ್ತು ಚೀಸ್‌ನಲ್ಲೂ ಇರುತ್ತದೆ, ಬೆವರಿದ ಪಾದದಲ್ಲೂ ಇರುತ್ತದೆ. ಲಿಂಬರ್ಗರ್ ಚೀಸ್‌ನ ಸಿಪ್ಪೆಯ ಮೇಲೆ ಬೆಳೆಯುವ ಬ್ರೆವಿಬ್ಯಾಕ್ಟೀರಿಯಂ ಕುಲದ ಸೂಕ್ಷ್ಮಜೀವಿಗಳ ಬಂಧುಗಳು ನಮ್ಮ ಚರ್ಮದ ಮೇಲೆಯೂ ವಾಸಿಸುತ್ತವೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚೆಡ್ಡಾರ್ ಚೀಸ್‌ನ ಪರಿಮಳ ಬೆರೆಸಿದ ಈ ಆಮ್ಲವನ್ನು ಒಮ್ಮೆ ‘ಚೆಡ್ಡಾರ್ ಚೀಸ್’ ಎಂಬ ಹೆಸರಿನಲ್ಲಿ, ಒಮ್ಮೆ ‘ಮೈ ನಾತ’ ಎಂಬ ಹೆಸರಿನಲ್ಲಿ ಮೂಸಲು ಕೊಟ್ಟರು. ಹೆಸರು ಬದಲಾದಂತೆ ಅದೇ ವಾಸನೆ ಹಿತವೂ ಆಯಿತು, ಅಹಿತವೂ ಆಯಿತು. ಆದ್ದರಿಂದ ಸೇರದ ತಿನಿಸನ್ನು ಎದುರಿಸುವಾಗ ‘ಇದು ಯಾವುದರಂತೆ ನಾರುತ್ತದೆ’ ಎಂದು ಹೋಲಿಕೆ ಹುಡುಕುವ ಅಭ್ಯಾಸವನ್ನು ಬಿಡಬೇಕು. ಒಮ್ಮೆ ಪಾದದ ಹೋಲಿಕೆ ಬಾಯಿಂದ ಬಂತೆಂದರೆ ಆ ಊಟ ಮುಗಿಯುವವರೆಗೂ ಮೂಗು ಪಾದವನ್ನೇ ಹುಡುಕುತ್ತದೆ. ಅದರ ಬದಲು ಪ್ರೀತಿಸುವವರನ್ನು ಕೇಳಿ: ಇದರಲ್ಲಿ ನಿಮಗೆ ಏನು ಸಿಗುತ್ತದೆ? ಅವರು ಹುರಿದ ಬೀಜ, ಅಣಬೆ, ಕಂದುಬಣ್ಣಕ್ಕೆ ಕಾಯಿಸಿದ ಬೆಣ್ಣೆ ಎಂದು ಏನನ್ನೋ ಹೇಳುತ್ತಾರೆ. ಆ ಮಾತನ್ನು ಹಿಡಿದುಕೊಂಡು ಮತ್ತೊಂದು ತುಣುಕು ಅಗಿದು ನೋಡಿ. ಬೂಷ್ಟು ಬೆಳೆಸಿ ಮಾಡುವ ನೀಲಿ ಚೀಸ್‌ನ ರುಚಿ ನನಗೆ ಹತ್ತಿದ್ದು ಹೀಗೆಯೇ. ಅಲ್ಲಿಯವರೆಗೆ ಬೂಷ್ಟು ಎಂಬ ಒಂದೇ ಪದ ನನ್ನ ಬಾಯಿಯನ್ನು ಕಟ್ಟಿಹಾಕಿತ್ತು.

ಪ್ರೀತಿಸುವವರು ತಿನ್ನುವಂತೆಯೇ ತಿನ್ನಿ

ಈ ಇಡೀ ಬರಹದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಎಂದು ಕೇಳುತ್ತೇನೆ. ಘಾಟಿನ ತಿನಿಸನ್ನು ಯಾವ ಪರಂಪರೆಯೂ ಒಂಟಿಯಾಗಿ ಬಿಟ್ಟಿಲ್ಲ. ಅದರ ಜೊತೆಗೆ ಏನನ್ನು ಕಲಸಬೇಕು, ಏನನ್ನು ನಂಚಿಕೊಳ್ಳಬೇಕು, ಒಂದು ತುತ್ತಿಗೆ ಎಷ್ಟು ಇರಬೇಕು ಎಂಬುದನ್ನು ತಲೆಮಾರುಗಳು ತಿದ್ದಿ ತಿದ್ದಿ ನೆಲೆಗೊಳಿಸಿವೆ. ಸುರ್‌ಸ್ಟ್ರೊಮಿಂಗನ್ನು ಸ್ವೀಡನ್ನಿನವರು ಡಬ್ಬಿಯಿಂದ ನೇರವಾಗಿ ಬಾಯಿಗೆ ಹಾಕುವುದಿಲ್ಲ. ಮೀನನ್ನು ಸ್ವಚ್ಛ ಮಾಡಿ, ಬೆಣ್ಣೆ ಸವರಿದ ತೆಳು ರೊಟ್ಟಿಯ ಮೇಲೆ ಬೇಯಿಸಿದ ಆಲೂಗಡ್ಡೆ ಮತ್ತು ಹೆಚ್ಚಿದ ಈರುಳ್ಳಿಯೊಂದಿಗೆ ಸ್ವಲ್ಪವೇ ಇಟ್ಟು ತಿನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ 1923ರಿಂದ ಮಾರಾಟದಲ್ಲಿರುವ ವೆಜಿಮೈಟ್ ಎಂಬ ಯೀಸ್ಟಿನ ಉಪ್ಪು ಲೇಪವನ್ನು ಜಾಮಿನಂತೆ ದಪ್ಪಗೆ ಹಚ್ಚಿ ತಿಂದ ವಿದೇಶಿಯರು ಉಪ್ಪು ತಡೆಯಲಾರದೆ ಉಗುಳುತ್ತಾರೆ. ಅಲ್ಲಿನವರು ಬಿಸಿ ಟೋಸ್ಟಿನ ಮೇಲೆ ಬೆಣ್ಣೆ ಧಾರಾಳವಾಗಿ ಸವರಿ, ಅದರ ಮೇಲೆ ಈ ಕಪ್ಪು ಲೇಪವನ್ನು ಗೆರೆ ಎಳೆದಷ್ಟು ಮಾತ್ರ ಹಚ್ಚುತ್ತಾರೆ. ಜಪಾನಿನ ನಾಟ್ಟೊ, ಅಂದರೆ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದಿಂದ ಹುದುಗಿಸಿದ ಸೋಯಾ ಕಾಳು, ಸೋಯಾ ಸಾಸ್, ಸಾಸಿವೆ, ಈರುಳ್ಳಿ ಸೊಪ್ಪು ಇವುಗಳೊಂದಿಗೆ ಬಿಸಿ ಅನ್ನದ ಮೇಲೆ ಬರುತ್ತದೆ. ಕೊಬ್ಬು ನಾಲಿಗೆಗೆ ಲೇಪವಾಗಿ ತೀಕ್ಷ್ಣತೆಯನ್ನು ತಡೆಯುತ್ತದೆ, ಪಿಷ್ಟ ಹರಡುತ್ತದೆ, ಸಾಸಿವೆ ಮೂಗಿನ ಗಮನವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಇವರಾರೂ ರಸಾಯನಶಾಸ್ತ್ರ ಓದಿ ಈ ಜೋಡಿಗಳನ್ನು ಕಟ್ಟಿದವರಲ್ಲ, ಆದರೂ ಜೋಡಿ ತಪ್ಪಿಲ್ಲ. ಜನರನ್ನು ಬೆಚ್ಚಿಬೀಳಿಸಲೆಂದೇ ಇಂಥ ತಿನಿಸನ್ನು ಬರಿದಾಗಿ ತಿನ್ನಿಸಿ ಅವರ ಮುಖಭಾವವನ್ನು ಚಿತ್ರೀಕರಿಸುವ ರೂಢಿ ಈಗ ಬೆಳೆದಿದೆ. ಅದು ತಿನಿಸಿಗೂ ತಿನ್ನುವವರಿಗೂ ಮಾಡುವ ಅನ್ಯಾಯ. ಉಪ್ಪಿನಕಾಯಿಯನ್ನು ಬಟ್ಟಲು ತುಂಬ ತಿನ್ನಿಸಿ ಅದು ಕೆಟ್ಟದೆಂದು ತೀರ್ಮಾನಿಸಿದರೆ ಯಾರು ಒಪ್ಪುತ್ತಾರೆ?

ನಾಲಿಗೆ ಮತ್ತು ಸ್ಪರ್ಶ

1931ರಲ್ಲಿ ಡುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ವಸ್ತುವಿನ ಪುಡಿ ಗಾಳಿಗೆ ಹಾರಿತು. ಜೊತೆಯಲ್ಲಿದ್ದವರು ವಿಪರೀತ ಕಹಿ ಎಂದರು, ಫಾಕ್ಸ್ ಅವರಿಗೆ ಯಾವ ರುಚಿಯೂ ತಿಳಿಯಲಿಲ್ಲ. ಕಹಿಯ ಅನುಭವ ಹುಟ್ಟಿನಿಂದಲೇ ಬೇರೆಬೇರೆಯಾಗಿರುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಇಂದು ಅದರ ಹಿಂದಿರುವ ಟಿಎಎಸ್2ಆರ್38 ಎಂಬ ಜೀನ್ ಗೊತ್ತಿದೆ. ಮನುಷ್ಯನಲ್ಲಿರುವ ಸುಮಾರು 25 ಕಹಿ ಗ್ರಾಹಕಗಳಲ್ಲಿ ಅದು ಒಂದರದ್ದು. ಎಲೆಕೋಸು, ಸಾಸಿವೆ ಸೊಪ್ಪಿನ ವರ್ಗದ ತರಕಾರಿಗಳಲ್ಲಿ ಇದೇ ಗ್ರಾಹಕವನ್ನು ಕೆರಳಿಸುವ ವಸ್ತುಗಳಿವೆ. ಆದ್ದರಿಂದ ‘ಇಷ್ಟು ಕಹಿಯೂ ತಡೆಯದೇ’ ಎಂದು ಕೇಳುವ ಮುನ್ನ, ಕೇಳುವವರ ನಾಲಿಗೆಗೆ ಆ ಕಹಿ ತಲುಪುತ್ತಲೇ ಇಲ್ಲದಿರಬಹುದು ಎಂಬುದನ್ನು ನೆನೆಯಬೇಕು.

ಕಹಿಗೆ ಸಕ್ಕರೆಯೇ ಮದ್ದು ಎಂದು ಹಲವರು ತಿಳಿದಿದ್ದಾರೆ, ಆದರೆ ಉಪ್ಪು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಸಂದರ್ಭಗಳು ಬಹಳ. ಸೋಡಿಯಂ ಕಹಿಯನ್ನು ಅಡಗಿಸಿ, ಅದರ ಹಿಂದೆ ಮುಚ್ಚಿಹೋಗಿದ್ದ ಸಿಹಿಯನ್ನು ಮುಂದೆ ತರುತ್ತದೆ ಎಂದು 1997ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಕಹಿ ತರಕಾರಿಯನ್ನು ತೆಳುವಾಗಿ ಹೆಚ್ಚಿ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡಿ, ಕೊಬ್ಬು ಮತ್ತು ಪ್ರೋಟೀನಿನ ಜೊತೆ ಬೇಯಿಸಿ. ಜಪಾನಿನ ಒಕಿನಾವಾದಲ್ಲಿ ಹಾಗಲಕಾಯಿಯನ್ನು ತೋಫು, ಮೊಟ್ಟೆ, ಹಂದಿ ಮಾಂಸದೊಂದಿಗೆ ಬಾಡಿಸುವ ಗೋಯಾ ಚಾಂಪುರು ಈ ಕ್ರಮದ ಒಳ್ಳೆಯ ಮಾದರಿ.

ಸ್ಪರ್ಶದ ಅಡ್ಡಿಯನ್ನು ಜನ ಬಾಯಿಬಿಟ್ಟು ಹೇಳುವುದು ಕಡಿಮೆ. ರುಚಿ ಸರಿಯಿಲ್ಲ ಎಂದುಬಿಡುತ್ತಾರೆ. ನಾಟ್ಟೊ ಬೇಡವೆನ್ನುವ ಅನೇಕರ ತಕರಾರು ನಿಜವಾಗಿ ಅದರ ಎಳೆ ಎಳೆಯಾದ ಲೋಳೆಯ ಬಗ್ಗೆ. ಇದಕ್ಕೆ ಉಪಾಯ ಸರಳ: ಮೊದಲ ಕೆಲವು ಸಲ ಆ ತಿನಿಸನ್ನು ಸಣ್ಣಗೆ ಕೊಚ್ಚಿ, ಗರಿಗರಿಯಾದದ್ದರ ಜೊತೆ ಬೆರೆಸಿ, ಅಥವಾ ಹುರಿದು, ಸೂಪಿನಲ್ಲಿ ಕರಗಿಸಿ ತಿನ್ನಿ. ವಾಸನೆ ಮತ್ತು ರುಚಿ ಪರಿಚಯವಾದ ಮೇಲೆ ಮೂಲದ ರೂಪಕ್ಕೆ ಬನ್ನಿ.

ಎಷ್ಟು ಸಲ, ಎಷ್ಟು, ಯಾವಾಗ

ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಹೆದರುವುದು ಸಹಜ; ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನಲ್ಲಿ ಆ ಹೆದರಿಕೆ ವಿಷದಿಂದ ಕಾಯುವ ಕಾವಲು. ಅಂಥ ಮಕ್ಕಳಿಗೂ ಒಂದು ತಿನಿಸು ಒಗ್ಗಲು ಎಂಟರಿಂದ ಹದಿನೈದು ಸಲ ರುಚಿ ನೋಡಬೇಕಾಗುತ್ತದೆ ಎಂದು ಮಕ್ಕಳ ಆಹಾರದ ಅಧ್ಯಯನಗಳು ಹೇಳುತ್ತವೆ. ಬಹುಪಾಲು ಮನೆಗಳಲ್ಲಿ ಮೂರನೆಯ ಅಥವಾ ನಾಲ್ಕನೆಯ ಸಲಕ್ಕೇ ‘ಇವನಿಗೆ ಸೇರುವುದಿಲ್ಲ’ ಎಂದು ಬರೆದಿಟ್ಟಂತೆ ತೀರ್ಮಾನವಾಗಿಬಿಡುತ್ತದೆ. ದೊಡ್ಡವರೂ ಇದೇ ಲೆಕ್ಕವನ್ನು ಇಟ್ಟುಕೊಳ್ಳಬಹುದು. ವಾರಕ್ಕೆ ಎರಡು ಸಲ, ಹಸಿವಿರುವಾಗ, ಒಂದು ಚಮಚದಷ್ಟು; ಕಾಯಿಲೆಯಿಂದ ಏಳುತ್ತಿರುವಾಗ ಅಥವಾ ಪ್ರಯಾಣದ ಸುಸ್ತಿನಲ್ಲಿ ಮಾತ್ರ ಬೇಡ. ಮಕ್ಕಳಿಗೆ ‘ಇದನ್ನು ತಿಂದರೆ ಮಿಠಾಯಿ ಕೊಡುತ್ತೇನೆ’ ಎಂದು ಆಸೆ ತೋರಿಸಬಾರದು. ಹಾಗೆ ಲಂಚಕ್ಕೆ ತಿನ್ನಿಸಿದ ತಿನಿಸಿನ ಮೇಲೆ ಮಕ್ಕಳ ಒಲವು ಮುಂಚಿಗಿಂತ ಕಡಿಮೆಯಾಗುವುದು ಕಂಡುಬಂದಿದೆ, ಏಕೆಂದರೆ ಬಹುಮಾನ ಕೊಟ್ಟೇ ತಿನ್ನಿಸಬೇಕಾದದ್ದು ಒಳ್ಳೆಯದಾಗಿರಲಾರದು ಎಂದು ಅವರು ಸರಿಯಾಗಿಯೇ ಊಹಿಸುತ್ತಾರೆ.

ತಿನಿಸಿನೊಂದಿಗೆ ಬೆಳೆದವರು ಈ ಎಣಿಕೆಯನ್ನು ಹುಟ್ಟುವ ಮೊದಲೇ ಶುರುಮಾಡಿರುತ್ತಾರೆ. ಗರ್ಭಿಣಿಯರು ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕುಡಿದಿದ್ದರೆ ಅವರ ಶಿಶುಗಳು ಮುಂದೆ ಕ್ಯಾರೆಟ್ ಬೆರೆಸಿದ ಆಹಾರವನ್ನು ಕಡಿಮೆ ಮುಖ ಸಿಂಡರಿಸಿ ತಿಂದವು ಎಂದು 2001ರ ಅಧ್ಯಯನವೊಂದು ತೋರಿಸಿತು. ತಾಯಿಯ ಊಟದ ಪರಿಮಳಗಳು ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತವೆ. ಹೊಸಬರು ಹಿಂದೆ ಬಿದ್ದಂತೆ ಕಾಣುವುದು ಇದರಿಂದ. ಆದರೂ ತಡವಾಗಿ ಶುರುಮಾಡಿದವರು ಹತಾಶರಾಗಬೇಕಿಲ್ಲ. ಮೆಣಸಿನಕಾಯಿ 1492ರ ನಂತರವೇ ಅಮೆರಿಕ ಖಂಡಗಳಿಂದ ಹೊರಗೆ ಹೋದದ್ದು. ಬಾಯಿ ಉರಿಸುವ ಆ ಕಾಯಿ ಕೆಲವೇ ಶತಮಾನಗಳಲ್ಲಿ ಏಷ್ಯಾ ಆಫ್ರಿಕಾಗಳ ಎಷ್ಟೋ ಅಡುಗೆಗಳ ಹುಟ್ಟುಗುಣವೆಂಬಂತೆ ನೆಲೆಸಿತು. ಅದನ್ನು ಮೊದಲು ಬಾಯಿಗೆ ಹಾಕಿಕೊಂಡವರೆಲ್ಲರೂ ಹೊಸಬರೇ.

ನೆನಪು ಮತ್ತು ಹೇಸಿಗೆ

ಸಿಹಿ ನೀರು ಕುಡಿದ ಇಲಿಗಳನ್ನು ವಿಕಿರಣಕ್ಕೆ ಒಡ್ಡಿದಾಗ, ಕಾಯಿಲೆಗೆ ಕಾರಣ ವಿಕಿರಣವೇ ಆಗಿದ್ದರೂ ಅವು ಆ ಸಿಹಿ ನೀರನ್ನೇ ತ್ಯಜಿಸುತ್ತವೆ ಎಂದು ಜಾನ್ ಗಾರ್ಸಿಯಾ 1955ರಲ್ಲಿ ತೋರಿಸಿದರು. ಮನುಷ್ಯನಲ್ಲೂ ಹೀಗೆಯೇ: ಒಂದು ಊಟದ ನಂತರ ವಾಂತಿಯಾದರೆ, ಕಾರಣ ಬೇರೆಯೇ ಇದ್ದರೂ, ಆ ತಿನಿಸು ವರ್ಷಗಟ್ಟಲೆ ಸೇರದಾಗಬಹುದು. ಇಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಮೆದುಳಿನ ಆ ಭಾಗ ವಾದ ಕೇಳುವುದಿಲ್ಲ. ಕೆಲವು ತಿಂಗಳು ಬಿಟ್ಟು, ತಯಾರಿಕೆಯ ಬಗೆ ಬದಲಿಸಿ, ವಾಸನೆ ಕಡಿಮೆಯಿರುವ ರೂಪದಲ್ಲಿ ಚಿಟಿಕೆಯಷ್ಟರಿಂದ ಆರಂಭಿಸಿ.

ಹೇಸಿಗೆ ಮಾತ್ರ ಬೇರೆ ಜಾತಿಯದು. ಅದು ರುಚಿಯಿಂದ ಹುಟ್ಟುವುದಿಲ್ಲ, ‘ಇದು ಏನು, ಎಲ್ಲಿಂದ ಬಂತು’ ಎಂಬ ತಿಳಿವಳಿಕೆಯಿಂದ ಹುಟ್ಟುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿಯ ಅಂದಾಜಿನಂತೆ ಸುಮಾರು 200 ಕೋಟಿ ಜನರ ರೂಢಿಯ ಊಟದಲ್ಲಿ ಕೀಟಗಳಿವೆ. ಅವುಗಳ ರುಚಿಯನ್ನೇ ನೋಡದವರಿಗೆ ಹೆಸರು ಕೇಳಿದರೆ ಸಾಕು, ಮೈ ಜುಮ್ಮೆನ್ನುತ್ತದೆ. ತಿಳಿವಳಿಕೆಯಿಂದ ಹುಟ್ಟಿದ್ದನ್ನು ಇನ್ನಷ್ಟು ತಿಳಿವಳಿಕೆಯಿಂದ ಸಡಿಲಿಸಬಹುದು ಎಂದು ನಾನು ನಂಬುತ್ತೇನೆ. ಐಸ್‌ಲ್ಯಾಂಡಿನ ಹಾಕಾರ್ಲ್ ಎಂಬುದು ಕೊಳೆಸಿದ ಶಾರ್ಕ್ ಎಂದಷ್ಟೇ ಕೇಳಿದವರು ಹೇಸುತ್ತಾರೆ. ಗ್ರೀನ್‌ಲ್ಯಾಂಡ್ ಶಾರ್ಕಿನ ಹಸಿ ಮಾಂಸದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಮತ್ತು ಯೂರಿಯಾ ತುಂಬಿದ್ದು ಅದು ತಿಂದವರಿಗೆ ವಿಷವಾಗುತ್ತದೆ; ವಾರಗಟ್ಟಲೆ ಜಲ್ಲಿಯಲ್ಲಿ ಹೂತು, ತಿಂಗಳುಗಟ್ಟಲೆ ಗಾಳಿಗೆ ನೇತುಹಾಕಿದ ಮೇಲಷ್ಟೇ ಅದು ತಿನ್ನಲು ಯೋಗ್ಯವಾಗುತ್ತದೆ. ಬೆಳೆ ಕಡಿಮೆಯಿದ್ದ ಚಳಿನಾಡಿನ ಜನ ವಿಷವನ್ನು ಆಹಾರವಾಗಿ ಮಾಡಿಕೊಂಡ ಕ್ರಮವಿದು ಎಂದು ಅರಿತವರಿಗೆ ಆ ಅಮೋನಿಯಾ ಘಾಟು ಹಿತವಾಗದೇ ಇರಬಹುದು, ಆದರೆ ತಟ್ಟೆಯನ್ನು ನೋಡುವ ಕಣ್ಣು ಬದಲಾಗುತ್ತದೆ. ಸಾಧ್ಯವಾದರೆ ತಯಾರಿಕೆಯನ್ನು ಹತ್ತಿರದಿಂದ ನೋಡಿ, ಕೈ ಹಾಕಿ ಸಹಾಯ ಮಾಡಿ. ತಾವೇ ಮುಟ್ಟಿ ಮಾಡಿದ್ದರ ಮೇಲೆ ಹೇಸಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಅಲರ್ಜಿ ಇರುವವರಿಗೆ ಅಭ್ಯಾಸ ಪರಿಹಾರವಲ್ಲ, ಅಪಾಯ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಹಾಲಿನ ಲ್ಯಾಕ್ಟೋಸ್ ಅನ್ನು ಪೂರ್ತಿ ಜೀರ್ಣಿಸುವ ಶಕ್ತಿ ತಗ್ಗಿರುತ್ತದೆ; ಹುದುಗಿಸದ ಹಾಲಿನ ತಿನಿಸು ಅವರಿಗೆ ಒಗ್ಗದಿದ್ದರೆ ಹಳೆಯ, ಗಟ್ಟಿಯಾದ ಚೀಸ್ ಒಗ್ಗಬಹುದು. ಖಿನ್ನತೆಗೆ ಎಂಎಒ ನಿರೋಧಕ ಔಷಧ ತೆಗೆದುಕೊಳ್ಳುವವರು ಮಾಗಿದ ಚೀಸ್, ಹುದುಗಿಸಿದ ಸೋಯಾ ಮತ್ತು ಮೀನುಗಳಿಂದ ದೂರವಿರಬೇಕು, ಏಕೆಂದರೆ ಅವುಗಳಲ್ಲಿರುವ ಟೈರಮೀನ್ ಎಂಬ ವಸ್ತು ಆ ಔಷಧದ ಜೊತೆ ಸೇರಿ ರಕ್ತದೊತ್ತಡವನ್ನು ಒಮ್ಮೆಲೇ ಏರಿಸುತ್ತದೆ. ಗರ್ಭಿಣಿಯರು ಹಸಿ (ಪಾಶ್ಚರೀಕರಿಸದ) ಹಾಲಿನ ಮೆದು ಚೀಸ್ ತಿನ್ನಬಾರದು. ಹುದುಗಿಸಿದ ಮೀನು ಮಾಂಸಗಳನ್ನು ಓದಿಕೊಂಡು ಮನೆಯಲ್ಲಿ ಮಾಡಲು ಹೋಗಬೇಡಿ: ಅಲಾಸ್ಕಾದ ಮೂಲನಿವಾಸಿಗಳು ಹಿಂದೆ ಹುಲ್ಲು ಹಾಸಿದ ಗುಂಡಿಯಲ್ಲಿ ಹುದುಗಿಸುತ್ತಿದ್ದದ್ದನ್ನು ಗಾಳಿಯಾಡದ ಪ್ಲಾಸ್ಟಿಕ್ ಪಾತ್ರೆಗಳಿಗೆ ಬದಲಿಸಿದ ಮೇಲೆ ಅಲ್ಲಿ ಬೊಟುಲಿಸಂ ಎಂಬ ಪ್ರಾಣಾಂತಿಕ ವಿಷಬಾಧೆ ಹೆಚ್ಚಿತು. ಪಾತ್ರೆಯ ಒಂದು ಬದಲಾವಣೆ ಅಷ್ಟು ಮಾಡಿತು.

ಬಡಿಸುವವರಿಗೆ

ಹೊಸಬರಿಗೆ ಮೊದಲು ಹೇಳಿ, ಆಮೇಲೆ ಬಡಿಸಿ. ಏನೆಂದು ಮುಚ್ಚಿಟ್ಟು ತಿನ್ನಿಸಿ ನಂತರ ಬಯಲು ಮಾಡಿದರೆ ತಿನಿಸಿನ ಜೊತೆಗೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಅವರ ತಟ್ಟೆಗೆ ಚಮಚದಷ್ಟು ಮಾತ್ರ ಹಾಕಿ, ಬಿಡುವ ಸ್ವಾತಂತ್ರ್ಯವನ್ನು ಬಾಯಿಬಿಟ್ಟು ಕೊಡಿ, ಅವರ ಮುಖವನ್ನೇ ನೋಡುತ್ತಾ ಕೂರಬೇಡಿ. ನಿಮ್ಮ ಪಾಡಿಗೆ ನೀವು ಸಂತೋಷದಿಂದ ತಿನ್ನಿ. ಇನ್ನೊಬ್ಬರು ನೆಮ್ಮದಿಯಿಂದ ಸವಿಯುವುದನ್ನು ನೋಡುವುದು ಯಾವ ಒತ್ತಾಯಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ತಿನಿಸು ಬೇಡವೆಂದವರು ನಿಮ್ಮ ಮನೆತನವನ್ನು ಬೇಡವೆಂದಿಲ್ಲ. ನಾಟ್ಟೊವನ್ನು ಪೂರ್ವ ಜಪಾನಿನವರು ಬೆಳಗಿನ ಊಟಕ್ಕೆ ಬಯಸಿ ತಿಂದರೆ ಒಸಾಕಾ ಸುತ್ತಲಿನ ಪಶ್ಚಿಮದವರಲ್ಲಿ ಅನೇಕರಿಗೆ ಅದು ಇಂದಿಗೂ ಸೇರದು, ಇಬ್ಬರೂ ಜಪಾನೀಯರೇ.

ಅತಿಥಿಯಾಗಿ ಹೋದವರು ಹದಿನೈದು ಸಲದ ಪ್ರಯತ್ನದ ನಂತರವೂ ರುಚಿ ಹತ್ತದಿದ್ದರೆ ಅದನ್ನು ನೇರವಾಗಿ, ಗೌರವದಿಂದ ಹೇಳಬಹುದು. ‘ಚೆನ್ನಾಗಿಲ್ಲ’ ಎನ್ನಬೇಡಿ, ‘ನನಗೆ ಇನ್ನೂ ರುಚಿ ಹತ್ತಿಲ್ಲ’ ಎನ್ನಿ. ಅದರ ಪಕ್ಕದಲ್ಲಿ ನಂಚಿಕೊಳ್ಳಲು ಇಟ್ಟದ್ದರಲ್ಲಿ ನಿಮಗೆ ಹಿಡಿಸಿದ್ದು ಯಾವುದೋ ಅದನ್ನು ಇನ್ನೊಂದಿಷ್ಟು ಕೇಳಿ ಹಾಕಿಸಿಕೊಳ್ಳಿ.